ಗಣಕಯಂತ್ರದ ಕಿಟಕಿಗಳಿಗೆ ಚೌಕಟ್ಟನ್ನು ರಚಿಸುವ ಕ್ರಮ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಮ್ಮ ಮನೆಗಳಲ್ಲಿಯೂ ಕಛೇರಿಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ದಿನದ ಬಹುಭಾಗವನ್ನು ಗಣಕಯಂತ್ರದ ತೆರೆಯ ಮುಂದೆ ಕಳೆಯುತ್ತಿರುವರು. ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳಿಗೆ ಈ ಯಂತ್ರವನ್ನು ತಂದುಕೊಟ್ಟು, ಇದರಿಂದ ವಿದ್ಯೆಗೆ ಸಹಾಯವಾಗುವುದೋ ಕಣ್ಣಿಗೆ ಕೇಡಾಗುವುದೋ ಎಂದು ಯೋಚಿಸುತ್ತಿರುವರು. ಹೀಗಿರುವಲ್ಲಿ, ಆ ತೆರೆಯ ಮೇಲೆ ಕಾಣುವ ಕಿಟಕಿಗಳ ಅಂಚು, ತಲೆಪಟ್ಟಿ, ಬಣ್ಣ, ಅಕ್ಷರ ಇವುಗಳನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ನಾವೇ ರಚಿಸಿಕೊಳ್ಳಬಹುದೆಂಬ ಸಂಗತಿಯು ಬಹುಮಂದಿಗೆ ತಿಳಿಯದು. ತಿಳಿದವರೂ ಅದನ್ನು ಹುಡುಗಾಟಿಕೆಯ ಶೃಂಗಾರವೆಂದು ಎಣಿಸುವುದುಂಟು. ಅದು ಬರಿಯ ಶೃಂಗಾರವಲ್ಲವೆಂದೂ, ಕನ್ನಡವನ್ನು ಓದಿ ಬರೆಯುವವರಿಗೆ ಅಗತ್ಯವಾದ ಒಂದು ಕೆಲಸವೆಂದೂ ತೋರಿಸಿ, ಅದನ್ನು ಮಾಡತಕ್ಕ ಕ್ರಮವನ್ನು ಸುಲಭವಾಗಿ ವಿವರಿಸುವುದೇ ಈ ಲೇಖನದ ಉದ್ದೇಶವು.

ವಿಷಯವು ಮನಸ್ಸಿಗೆ ಹತ್ತುವಂತೆ ನಮ್ಮ ಸೀಮೆಯದೇ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂಬ ಊರಿನ ಹೆಸರನ್ನು ಕೇಳದವರು ಮಂಡ್ಯ ಮದ್ದೂರುಗಳ ಕಡೆಯಲ್ಲಿ ವಿರಳ. ಕಡಿದಾದ ಬೆಟ್ಟದಂಚಿಗೆ ಇಂಗ್ಲಿಷಿನಲ್ಲಿರುವ ಮಾತೇ ಆ ಊರಿಗೆ ಹೆಸರಾಗಿ ನಿಂತಿತು. ಅಲ್ಲಿಂದ ಕೆಳಗೆ ಕಾವೇರಿಯ ಕಮರಿಯಲ್ಲಿ ಶಿವನಸಮುದ್ರದ ವಿದ್ಯುದಾಗಾರವಿದೆ. ದಿವಾನ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಸಂಕಲ್ಪಿತವಾದ ಆ ಆಗಾರವು ೧೯೦೨ನೆಯ ಇಸವಿಯಲ್ಲಿ, ಸುಮಾರು ೯೨ ಮೈಲಿಗಳಾಚೆ ಇದ್ದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಕಳುಹಿಸಿತು. ೧೯೦೫ರಲ್ಲಿ ಅದೇ ಶಕ್ತಿಯಿಂದ ಬೆಂಗಳೂರಿನಲ್ಲಿ ದೀಪಗಳು ಬೆಳಗಿದುವು. ನದಿಯ ನೀರು ದೊಡ್ಡ ಕೊಳವೆಗಳಲ್ಲಿ ಇಳಿದು ಚಕ್ರವನ್ನು ತಿರುಗಿಸುವುದು, ಚಕ್ರವು ಜನಕಯಂತ್ರವನ್ನು ತಿರುಗಿಸುವುದು. ಆದರೆ ಇಂಥ ಆಗಾರವನ್ನು ನಡೆಯಿಸುವ ಕೆಲಸಗಾರನು ನೀರನ್ನಾಗಲಿ ಚಕ್ರವನ್ನಾಗಲಿ ನೋಡುತ್ತ ಕುಳಿತಿರುವುದಿಲ್ಲ. ಅವನು ನೋಡುವುದು ತನ್ನೆದುರಿಗಿರುವ ಫಲಕವನ್ನು. ಅದರ ಮೇಲಿನ ಮುಳ್ಳುಗಳನ್ನು, ಹಿಡಿಗಳನ್ನು, ಬಣ್ಣದ ದೀಪಗಳನ್ನು. ಫಲಕವು ಒಂದು ಹನಿಯಷ್ಟು ಶಕ್ತಿಯನ್ನೂ ಉತ್ಪತ್ತಿ ಮಾಡುವುದಿಲ್ಲ. ಆದರೂ ಅದರ ಏರ್ಪಾಡು ಗೊಂದಲವಾಗಿದ್ದರೆ ಯಂತ್ರವು ಎಷ್ಟು ಉತ್ತಮವಾಗಿದ್ದರೂ ಕೆಲಸಗಾರನ ಕೈ ತಪ್ಪುವುದು.

ಗಣಕಯಂತ್ರದಲ್ಲಿಯೂ ಇದೇ ನ್ಯಾಯವು. ಪತ್ರ ಬರೆಯುವುದು, ಲೆಕ್ಕ ಹಾಕುವುದು, ಚಿತ್ರ ತೋರಿಸುವುದು ಮೊದಲಾದ ಕೆಲಸಗಳಿಗೆ ಬೇರೆ ಬೇರೆ ಕ್ರಮವಿಧಿಗಳುಂಟು. ಇವುಗಳಲ್ಲಿ ಪ್ರತಿಯೊಂದೂ ತೆರೆಯ ಮೇಲೆ ತನಗೊಂದು ಕಿಟಕಿಯನ್ನು ಪಡೆಯುವುದು. ಆ ಕಿಟಕಿಯ ಸುತ್ತಲೂ ಒಂದು ಅಂಚು, ಮೇಲ್ಗಡೆ ಹೆಸರನ್ನು ಹೊತ್ತ ಒಂದು ತಲೆಪಟ್ಟಿ, ಪಟ್ಟಿಯ ಕೊನೆಯಲ್ಲಿ ಮುಚ್ಚುವ, ಹಿಗ್ಗಿಸುವ, ಅಡಗಿಸುವ ಗುಂಡಿಗಳು ಇರುವುವಷ್ಟೆ. ಯಾವ ಕಿಟಕಿಯು ಮುಂದಿರಬೇಕು, ಯಾವುದು ಹಿಂದೆ ಸರಿಯಬೇಕು, ಬೆರಳಚ್ಚಿನ ಅಕ್ಷರಗಳು ಯಾವುದಕ್ಕೆ ಹೋಗಿ ಸೇರಬೇಕು ಎಂಬುದನ್ನು ನಿರ್ಣಯಿಸಿ, ಈ ಅಂಚುಗಳನ್ನೂ ಪಟ್ಟಿಗಳನ್ನೂ ಬರೆಯುವುದಕ್ಕೆ ಪ್ರತ್ಯೇಕವಾದ ಒಂದು ಕ್ರಮವಿಧಿಯಿದೆ. ಅದಕ್ಕೆ ವಿಂಡೋ ಮ್ಯಾನೇಜರ್ ಎಂದು ಹೆಸರು. ನಾವು ಅದನ್ನು ಕಿಟಕಿಗಳ ಮೇಲ್ವಿಚಾರಕನೆಂದು ಕರೆಯೋಣ. ಅದು ಬರೆಯುವ ಅಂಚು, ಪಟ್ಟಿ, ಗುಂಡಿಗಳ ಒಟ್ಟು ವೇಷಕ್ಕೆ ಥೀಮ್ ಎಂದು ಹೆಸರು.

ಮೇಲ್ವಿಚಾರಕನನ್ನು ಪ್ರತ್ಯೇಕವಾಗಿರಿಸಿದುದು ಒಂದು ತತ್ತ್ವವನ್ನು ಅನುಸರಿಸಿಯೇ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ೧೯೮೪ರಲ್ಲಿ ಎಕ್ಸ್ ವಿಂಡೋ ಎಂಬ ವ್ಯವಸ್ಥೆಯನ್ನು ಆರಂಭಿಸಿದರು; ಅದರ ಹನ್ನೊಂದನೆಯ ಆವೃತ್ತಿಯು ೧೯೮೭ರಲ್ಲಿ ಹೊರಬಿದ್ದಿತು. ತೆರೆಯ ಮೇಲೆ ಬರೆಯುವ ಸಾಧನವನ್ನು ಮಾತ್ರ ತಾವು ಒದಗಿಸುವುದು, ಕಿಟಕಿಗಳು ಹೇಗೆ ಕಾಣಬೇಕೆಂಬ ಕಟ್ಟಳೆಯನ್ನು ತಾವು ವಿಧಿಸದಿರುವುದು ಎಂಬುದು ಅದರ ಕರ್ತೃಗಳ ನಿಯಮವಾಗಿದ್ದಿತು. ಆದುದರಿಂದ ಆ ಭಾಗವನ್ನು ಯಾರು ಬೇಕಾದರೂ ಬರೆಯಬಹುದಾಯಿತು. ೧೯೮೭ರಲ್ಲಿ ಟಾಮ್ ಲಾಸ್ಟ್ರೇಂಜ್ ಎಂಬವರು ಟಿಡಬ್ಲ್ಯೂಎಂ ಎಂಬ ಮೇಲ್ವಿಚಾರಕನನ್ನು ಬರೆದರು. ೧೯೯೩ರಲ್ಲಿ ರಾಬರ್ಟ್ ನೇಶನ್ ಎಂಬವರು ಎಫ್‌ವಿಡಬ್ಲ್ಯೂಎಂ ಎಂಬುದನ್ನು ಬರೆದರು. ಅನಂತರ ಓಪನ್‌ಬಾಕ್ಸ್, ಎಕ್ಸ್‌ಎಫ್‌ಡಬ್ಲ್ಯೂಎಂ ಮೊದಲಾದುವು ಬಂದುವು. ಇವೆಲ್ಲವೂ ಲಿನಕ್ಸ್ ಎಂಬ ಸ್ವತಂತ್ರ ವ್ಯವಸ್ಥೆಯಲ್ಲಿ ಬೆಲೆಯಿಲ್ಲದೆ ದೊರೆಯುವುವು. ವಿಂಡೋಸ್ ವ್ಯವಸ್ಥೆಯಲ್ಲಿಯೂ ವಿಸ್ಟಾ ಆವೃತ್ತಿಯಿಂದೀಚೆಗೆ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಎಂಬ ಹೆಸರಿನ ಭಾಗವೇ ಇದೆ. ಆದರೆ ಅಲ್ಲಿ ಬಳಸುವವರಿಗೆ ಬಣ್ಣವನ್ನೂ ಹಿನ್ನೆಲೆಯ ಚಿತ್ರವನ್ನೂ ಬದಲಾಯಿಸುವಷ್ಟು, ದೃಷ್ಟಿಮಾಂದ್ಯವಿರುವವರಿಗಾಗಿ ಏರ್ಪಡಿಸಿದ ಹೆಚ್ಚು ವೈದೃಶ್ಯದ ವೇಷಗಳನ್ನು ಆರಿಸಿಕೊಳ್ಳುವಷ್ಟು ಅವಕಾಶವಿರುವುದೇ ಹೊರತು, ಚೌಕಟ್ಟನ್ನು ಬುಡದಿಂದ ರಚಿಸುವ ಸ್ವಾತಂತ್ರ್ಯವಿಲ್ಲ. ಆದಕಾರಣ ನಮ್ಮ ವಿವರಣೆಯೆಲ್ಲವೂ ಲಿನಕ್ಸನ್ನು ಕುರಿತದ್ದು.

ಇನ್ನು, ಈ ಶ್ರಮವೇತಕ್ಕೆ, ಸಿದ್ಧವಾಗಿ ಬಂದ ವೇಷವೇ ಸಾಲದೆ ಎಂಬ ಪ್ರಶ್ನೆಗೆ ಉತ್ತರವನ್ನು ಹೇಳಬೇಕಾಗಿದೆ. ಸಿದ್ಧವಾಗಿ ಬರುವ ವೇಷಗಳಲ್ಲಿ ಬಹುಪಾಲನ್ನು ಇಂಗ್ಲಿಷಿನ ಅಕ್ಷರಗಳನ್ನು ಕಣ್ಣ ಮುಂದಿಟ್ಟುಕೊಂಡು ರಚಿಸಿರುವರು. ಇಂಗ್ಲಿಷಿನ ಅಕ್ಷರವು ಒಂದು ಗೆರೆಯ ಮೇಲೆ ನಿಂತು, ಕೆಲವು ಕಡೆಗಳಲ್ಲಿ ಮಾತ್ರ ಸ್ವಲ್ಪ ಕೆಳಕ್ಕೆ ಬಾಲವನ್ನು ಬಿಡುವುದು. ನಮ್ಮ ಕನ್ನಡ ಲಿಪಿಯು ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ಏತ್ವ ಇವುಗಳಿರುವುವು. ಕೆಳಗೆ ಒತ್ತಕ್ಷರವು ತೂಗುವುದು. ‘ರಾಷ್ಟ್ರ’, ‘ಶಾಸ್ತ್ರ’ ಮೊದಲಾದ ಪದಗಳಲ್ಲಿ ಒತ್ತಿಗೆ ಇನ್ನೊಂದು ಒತ್ತು ಸೇರುವುದು. ತಲೆಪಟ್ಟಿಯು ಇಂಗ್ಲಿಷಿಗೆ ಸಾಲುವಷ್ಟು ಮಾತ್ರ ಎತ್ತರವಾಗಿದ್ದರೆ ಒತ್ತುಗಳ ಅಡಿಯು ಕತ್ತರಿಸಿಹೋಗುವುದು. ಆಗ ‘ಕತ್ತೆ’ ಎಂಬುದು ‘ಕತೆ’ಯಾಗುವುದು, ‘ಹಳ್ಳಿ’ ಎಂಬುದು ‘ಹಳಿ’ಯಾಗುವುದು, ನಮ್ಮ ಮಳವಳ್ಳಿಯು ‘ಮಳವಳಿ’ಯೆಂದು ಕಾಣುವುದು. ‘ಸ್ತ್ರೀ ಶಿಕ್ಷಣ’ವೆಂದು ಹೆಸರಿಟ್ಟ ಪತ್ರದ ಕಿಟಕಿಯಲ್ಲಿ ಮೊದಲನೆಯ ಅಕ್ಷರವು ‘ಸೀ’ ಎಂದು ಮಾತ್ರ ಉಳಿಯುವುದು. ಇದು ನಗತಕ್ಕ ಮಾತಾದರೂ, ಹತ್ತಾರು ಕಿಟಕಿಗಳನ್ನು ತೆರೆದಿಟ್ಟುಕೊಂಡು ಕೆಲಸ ಮಾಡುವ ಉಪಾಧ್ಯಾಯಿನಿಗೆ ಯಾವುದು ಯಾವ ಪತ್ರವೆಂದು ತಿಳಿಯದೆ ಹೋಗುವುದು ನಗತಕ್ಕದ್ದಲ್ಲ.

ಈ ತೊಡಕು ಹೊಸದೂ ಅಲ್ಲ. ಕನ್ನಡವನ್ನು ಸೀಸದ ಮೊಳೆಗಳಲ್ಲಿ ಎರಕ ಹೊಯ್ದ ಅಚ್ಚುಕೂಟದವರೆಲ್ಲರೂ ಇದನ್ನು ಎದುರಿಸಬೇಕಾಗಿದ್ದಿತು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂದ ಕಿಟ್ಟೆಲರ ಮಹಾಕೋಶವನ್ನು ನಾವೆಲ್ಲರೂ ಬಲ್ಲೆವು. ಅದರಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ಪಂಕ್ತಿಯಲ್ಲಿ ಬರುವುವು. ಅಂಥ ಪುಟವನ್ನು ಜೋಡಿಸುವವನು ಎರಡು ಲಿಪಿಗಳಲ್ಲಿ ಹೆಚ್ಚು ಎತ್ತರವನ್ನು ಬೇಡುವ ಲಿಪಿಯನ್ನು ಗಮನಿಸಿಯೇ ಪಂಕ್ತಿಗಳ ನಡುವಣ ಅಂತರವನ್ನು ನಿಶ್ಚಯಿಸಬೇಕು. ತೆರೆಯ ಮೇಲಿನ ಪಟ್ಟಿಯನ್ನು ರಚಿಸುವವರಿಗೂ ಇದೇ ಧರ್ಮವು.

ಥೀಮ್ ಎಂಬುದು ವಾಸ್ತವದಲ್ಲಿ ಏನೆಂದರೆ, ಒಂದು ಕಡತಕೋಶದೊಳಗೆ ಇರಿಸಿದ ಒಂದು ಸಾಧಾರಣ ಬರವಣಿಗೆಯ ಕಡತವೂ ಕೆಲವು ಸಣ್ಣ ಚಿತ್ರಗಳೂ ಸೇರಿದ ಕಟ್ಟು. ಇದನ್ನು ರಚಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು ಮಾತಿನ ಮಾರ್ಗ. ಓಪನ್‌ಬಾಕ್ಸ್ ಈ ಮಾರ್ಗವನ್ನು ಅನುಸರಿಸುವುದು. ಅದರ ಕಡತಕ್ಕೆ ಥೀಮ್‌ಆರ್‌ಸಿ ಎಂದು ಹೆಸರು. ಅದರಲ್ಲಿ ಪಂಕ್ತಿಗೊಂದರಂತೆ ಆಜ್ಞೆಗಳಿರುವುವು. ವಿಂಡೋ, ಆಕ್ಟಿವ್, ಟೈಟಲ್, ಬಿಜಿ, ಕಲರ್ ಎಂಬ ಮಾತುಗಳನ್ನು ಚುಕ್ಕಿಗಳಿಂದ ಸೇರಿಸಿ ಬರೆದು, ಎರಡು ಬೊಟ್ಟುಗಳನ್ನಿಟ್ಟು, ಮುಂದೆ ಬಣ್ಣದ ಸಂಖ್ಯೆಯನ್ನು ಬರೆದರೆ, ಮುಂದಿರುವ ಕಿಟಕಿಯ ತಲೆಪಟ್ಟಿಯ ಹಿನ್ನೆಲೆಗೆ ಆ ಬಣ್ಣವನ್ನು ಹಚ್ಚಬೇಕೆಂದು ಅರ್ಥವಾಗುವುದು. ಅಂಚಿನ ದಪ್ಪ, ಅಕ್ಷರದ ಸುತ್ತಣ ಬಯಲು ಇವುಗಳಿಗೂ ಇಂಥವೇ ಪಂಕ್ತಿಗಳುಂಟು. ನಾವು ಬರೆಯದೆ ಬಿಟ್ಟುದಕ್ಕೆ ಮೇಲ್ವಿಚಾರಕನು ತನ್ನ ರೂಢಿಯ ಬೆಲೆಯನ್ನೇ ಇಟ್ಟುಕೊಳ್ಳುವನಾದುದರಿಂದ, ಹತ್ತು ಹನ್ನೆರಡು ಪಂಕ್ತಿಗಳಿಂದಲೇ ಕೆಲಸವನ್ನು ಆರಂಭಿಸಬಹುದು.

ಎರಡನೆಯದು ಚಿತ್ರದ ಮಾರ್ಗ. ಎಕ್ಸ್‌ಎಫ್‌ಡಬ್ಲ್ಯೂಎಂ ಎಂಬುದರಲ್ಲಿ ಚೌಕಟ್ಟಿನ ಎಡಭಾಗ, ಬಲಭಾಗ, ಅಡಿ, ಮೂಲೆಗಳು, ತಲೆಪಟ್ಟಿಯ ಐದು ತುಂಡುಗಳು, ಗುಂಡಿಗಳು ಇವುಗಳಿಗೆ ಒಂದೊಂದು ಸಣ್ಣ ಚಿತ್ರವನ್ನು ಬರೆದಿಡುವರು. ಮೇಲ್ವಿಚಾರಕನು ಅವುಗಳನ್ನು ಕಂಬಳಿಯ ಪಟ್ಟಿಗಳಂತೆ ಜೋಡಿಸಿ ಚೌಕಟ್ಟನ್ನು ಕಟ್ಟುವನು. ಇಲ್ಲಿ ಕೌಶಲಕ್ಕೆ ಅವಕಾಶವು ಹೆಚ್ಚು. ಆದರೆ ಕನ್ನಡದವರು ಗಮನಿಸತಕ್ಕ ಒಂದು ಭೇದವುಂಟು. ಓಪನ್‌ಬಾಕ್ಸಿನಲ್ಲಿ ತಲೆಪಟ್ಟಿಯ ಎತ್ತರವು ಅಕ್ಷರದ ಎತ್ತರವನ್ನು ಅನುಸರಿಸಿ ತಾನಾಗಿ ಬೆಳೆಯುವುದು. ಚಿತ್ರದ ಮಾರ್ಗದಲ್ಲಿಯಾದರೋ ಪಟ್ಟಿಯ ಎತ್ತರವು ಚಿತ್ರದ ಎತ್ತರವೇ; ಅಕ್ಷರವು ಅದಕ್ಕಿಂತ ದೊಡ್ಡದಾದರೆ ಕತ್ತರಿಸಿಹೋಗುವುದಲ್ಲದೆ ಬೇರೆ ಗತಿಯಿಲ್ಲ. ಆದುದರಿಂದ ಆರಂಭದವರು ಮಾತಿನ ಮಾರ್ಗವನ್ನೇ ಹಿಡಿಯುವುದು ಲೇಸು.

ಅಕ್ಷರದ ವಿಷಯದಲ್ಲಿ ಮತ್ತೊಂದು ಎಚ್ಚರಿಕೆಯೂ ಬೇಕು. ಕನ್ನಡದ ಕಾಗುಣಿತವನ್ನೂ ಒತ್ತುಗಳನ್ನೂ ಕೂಡಿಸಿ ಒಂದೇ ರೂಪವಾಗಿ ಬರೆಯಬಲ್ಲ ಜಾಣ್ಮೆಯು ಎಲ್ಲ ಮೇಲ್ವಿಚಾರಕರಿಗೂ ಇಲ್ಲ. ಟಿಡಬ್ಲ್ಯೂಎಂ ಮೊದಲಾದ ಹಳೆಯವು ಹುಟ್ಟಿದಾಗ ಯೂನಿಕೋಡ್ ಎಂಬ ಸರ್ವಲಿಪಿಗಳ ಸಂಕೇತಮಾಲೆಯೇ ಇರಲಿಲ್ಲ; ಅದರ ಮೊದಲನೆಯ ಆವೃತ್ತಿಯು, ಕನ್ನಡವನ್ನೂ ಒಳಗೊಂಡು, ಪ್ರಕಟವಾದುದು ೧೯೯೧ರಲ್ಲಿ. ಈಚಿನವುಗಳಲ್ಲಿಯೂ ಡಿಡಬ್ಲ್ಯೂಎಂ ಎಂಬಂಥ ಅತಿ ಸಣ್ಣ ಮೇಲ್ವಿಚಾರಕಗಳು ಅಕ್ಷರಗಳನ್ನು ಬಿಡಿಬಿಡಿಯಾಗಿ ಇರಿಸುವುವು. ಕನ್ನಡವು ಮುರಿದುಬಿದ್ದಂತೆ ಕಾಣುವುದು. ಪ್ಯಾಂಗೋ ಎಂಬ ಅಕ್ಷರಜೋಡಣೆಯ ಸಾಧನವನ್ನು ಉಪಯೋಗಿಸುವ ಓಪನ್‌ಬಾಕ್ಸ್, ಐತ್ರೀ, ಎಕ್ಸ್‌ಎಫ್‌ಡಬ್ಲ್ಯೂಎಂ ಮೊದಲಾದುವುಗಳಲ್ಲಿ ಈ ದೋಷವಿಲ್ಲ. ಲೋಹಿತ್, ನವಿಲು, ಗುಬ್ಬಿ, ನೋಟೋ ಎಂಬ ಕನ್ನಡ ಅಕ್ಷರಶೈಲಿಗಳು ಬೆಲೆಯಿಲ್ಲದೆ ದೊರೆಯುವುವು. ಅವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ, ಎರಡು ಒತ್ತುಗಳಿರುವ ಪದವೊಂದನ್ನು ತಲೆಪಟ್ಟಿಯಲ್ಲಿ ಬರೆದು ನೋಡಿಯೇ ಅಳತೆಯನ್ನು ನಿರ್ಣಯಿಸತಕ್ಕದ್ದು.

ಈಗ ಬಣ್ಣದ ವಿಚಾರಕ್ಕೆ ಬರೋಣ. ಗಣಕದ ತೆರೆಯು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಬೆರೆಸಿ ಸಕಲ ವರ್ಣಗಳನ್ನೂ ತೋರಿಸುವುದು. ಪ್ರತಿಯೊಂದು ಬೆಳಕಿಗೂ ೦ ಮೊದಲುಗೊಂಡು ೨೫೫ರ ವರೆಗೆ ಬೆಲೆಯನ್ನು ಕೊಡಬಹುದು. ಮೂರೂ ೦ ಆದರೆ ಕಪ್ಪು; ಮೂರೂ ೨೫೫ ಆದರೆ ಬಿಳುಪು. ಕಡತದಲ್ಲಿ ಈ ಸಂಖ್ಯೆಗಳನ್ನು ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆಯುವುದು ವಾಡಿಕೆ. ಅಂದರೆ ೫೦ ಎಂಬುದು ಮೂರು ಹದಿನಾರೂ ಎರಡೂ ಆಗಿರುವುದರಿಂದ ೩೨ ಎಂದೂ, ೭೦ ಎಂಬುದು ನಾಲ್ಕು ಹದಿನಾರೂ ಆರೂ ಆಗಿರುವುದರಿಂದ ೪೬ ಎಂದೂ ಬರೆಯಲ್ಪಡುವುವು. ಹತ್ತರಿಂದ ಹದಿನೈದರ ವರೆಗಿನ ಬೆಲೆಗಳಿಗೆ ಇಂಗ್ಲಿಷಿನ ಮೊದಲ ಆರು ಅಕ್ಷರಗಳನ್ನು ಅಂಕಿಗಳಾಗಿ ಬಳಸುವರು. ಪ್ರೌಢಶಾಲೆಯ ಗಣಿತವನ್ನು ಕಲಿತ ಯಾವ ಬಾಲಿಕೆಗೂ ಇದು ಕಷ್ಟವಾಗಲಾರದು.

ಬಣ್ಣಗಳನ್ನು ಆರಿಸುವಾಗ ಅಂದಕ್ಕಿಂತ ಮೊದಲು ನೋಡತಕ್ಕದ್ದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು. ಮೂರು ಬೆಳಕುಗಳಲ್ಲಿ ನಮ್ಮ ಕಣ್ಣಿಗೆ ಹಸಿರು ಅತ್ಯಂತ ಪ್ರಕಾಶಮಾನವಾಗಿಯೂ, ಕೆಂಪು ಅದಕ್ಕಿಂತ ಕಡಮೆಯಾಗಿಯೂ, ನೀಲಿಯು ಬಹಳ ಕಡಮೆಯಾಗಿಯೂ ತೋರುವುದು. ಲೆಕ್ಕದಲ್ಲಿ ಅವುಗಳ ಪಾಲು ನೂರಕ್ಕೆ ಸುಮಾರು ೭೨, ೨೧, ೭ ಎಂದು ಇಟ್ಟಿರುವರು. ಈ ಲೆಕ್ಕದಿಂದ ಎರಡು ಬಣ್ಣಗಳ ವೈದೃಶ್ಯವನ್ನು ಒಂದು ಸಂಖ್ಯೆಯಾಗಿ ಹೇಳಬಹುದು. ಬಿಳುಪಿನ ಮೇಲೆ ಕಪ್ಪಿಗೆ ಅದು ೨೧; ಒಂದೇ ಬಣ್ಣದ ಮೇಲೆ ಅದೇ ಬಣ್ಣಕ್ಕೆ ೧. ಸಾಧಾರಣ ಗಾತ್ರದ ಬರವಣಿಗೆಗೆ ೪.೫ಕ್ಕೆ ಕಡಮೆಯಿರಕೂಡದೆಂಬುದು ಜಗತ್ತಿನಲ್ಲೆಲ್ಲ ಅಂಗೀಕೃತವಾದ ನಿಯಮವು. ಬಿಳಿಯ ಪಟ್ಟಿಯ ಮೇಲೆ ಶುದ್ಧ ಹಳದಿಯ ಅಕ್ಷರಕ್ಕೆ ೧.೦೭ ಮಾತ್ರ ಬರುವುದು. ಅದು ಓದುವುದಕ್ಕೆ ಅಸಾಧ್ಯ. ಈಗಿನ ಕಾಲದಲ್ಲಿ ನಾಜೂಕೆಂದು ಎಣಿಸುವ ಬೂದುಬಣ್ಣದ ಅಕ್ಷರವನ್ನು, ಮೂರು ಬೆಳಕುಗಳಿಗೂ ೧೫೦ರಂತೆ ಇಟ್ಟು, ಬಿಳುಪಿನ ಮೇಲೆ ಬರೆದರೆ ೩ರ ಸಮೀಪಕ್ಕೆ ಬಂದು ನಿಲ್ಲುವುದು. ಹದಿನಾರರ ಪ್ರಾಯದ ಬಾಲಿಕೆಗೆ ಅದು ಕಾಣಬಹುದು. ಅವಳ ತಾಯಿಗೆ ಕಾಣದು. ಮನೆಯಲ್ಲಿ ಒಂದೇ ಯಂತ್ರವನ್ನು ಅಜ್ಜಿಯೂ ಮೊಮ್ಮಗಳೂ ಬಳಸುವಲ್ಲಿ ಈ ಸಂಖ್ಯೆಯನ್ನು ಕಡೆಗಣಿಸುವುದು ಒಬ್ಬರನ್ನು ಹೊರಗೆ ನಿಲ್ಲಿಸಿದಂತೆಯೇ ಸರಿ.

ಬಣ್ಣದ ಅರ್ಥವೂ ಎಲ್ಲೆಡೆಯಲ್ಲಿ ಒಂದೇ ಆಗಿರುವುದಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ರಸ್ತೆಯ ದೀಪದಲ್ಲಿ ಕೆಂಪೆಂದರೆ ನಿಲ್ಲು, ಹಸಿರೆಂದರೆ ಹೊರಡು. ವಿದ್ಯುದಾಗಾರಗಳ ಫಲಕದಲ್ಲಿಯಾದರೋ ನಮ್ಮ ದೇಶದ ವಾಡಿಕೆಯಂತೆ ಕೆಂಪು ದೀಪವು ಸ್ವಿಚ್ಚು ಕೂಡಿದೆ, ತಂತಿಯಲ್ಲಿ ಶಕ್ತಿಯಿದೆ ಎಂಬುದನ್ನೂ, ಹಸಿರು ದೀಪವು ಸ್ವಿಚ್ಚು ತೆರೆದಿದೆ ಎಂಬುದನ್ನೂ ಸೂಚಿಸುವುದು. ಬ್ಲಫಿನಲ್ಲಿ ಆಗಾರದ ಕೆಲಸದಿಂದ ಮನೆಗೆ ಹಿಂದಿರುಗಿದ ತಂದೆಗೂ, ರಸ್ತೆಯ ದೀಪವನ್ನು ಮಾತ್ರ ಬಲ್ಲ ಮಗಳಿಗೂ ಕೆಂಪು ಗುಂಡಿಯು ಒಂದೇ ಮಾತನ್ನು ಹೇಳಲಾರದು. ಇದಲ್ಲದೆ ಕೆಂಪು ಹಸಿರುಗಳ ಭೇದವೇ ತಿಳಿಯದ ಕಣ್ಣುಗಳೂ ಉಂಟು. ಈ ಊನವು ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು. ಆದುದರಿಂದ ಮುಚ್ಚುವ ಗುಂಡಿಗೆ ಬಣ್ಣವನ್ನು ಮಾತ್ರ ಹಚ್ಚಿ ಬಿಡದೆ, ಅದರ ಮೇಲೆ ಗುರುತನ್ನೂ ಬರೆಯತಕ್ಕದ್ದು. ಬಣ್ಣವನ್ನೆಲ್ಲ ತೆಗೆದುಹಾಕಿ ಕಪ್ಪುಬಿಳುಪಾಗಿ ನೋಡಿದರೂ ಯಾವ ಗುಂಡಿ ಯಾವುದೆಂದು ತಿಳಿಯುವಂತಿರಬೇಕು.

ಗುಂಡಿಗಳ ಮೇಲಿನ ಗುರುತುಗಳನ್ನು ಬರೆಯುವುದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಅತ್ಯಂತ ಸುಲಭವಾದ ಕೆಲಸವೆಂದು ನಾವು ಧೈರ್ಯವಾಗಿ ಹೇಳುವೆವು. ಓಪನ್‌ಬಾಕ್ಸಿನಲ್ಲಿ ಈ ಗುರುತು ಸಣ್ಣ ಚೌಕಗಳ ಒಂದು ಜಾಲವು. ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಚೌಕಗಳಿದ್ದರೂ ಸಾಕು. ಪ್ರತಿಯೊಂದು ಚೌಕವೂ ತುಂಬಿರುವುದು ಇಲ್ಲವೆ ಬರಿದಾಗಿರುವುದು; ಮೂರನೆಯ ಸ್ಥಿತಿಯಿಲ್ಲ. ಎಳೆಗಳನ್ನೆಣಿಸಿ ಬಟ್ಟೆಯ ಮೇಲೆ ಅಡ್ಡಹೊಲಿಗೆಯನ್ನು ಹಾಕಿದವರು, ಧಾರವಾಡದ ಕಸೂತಿಯಲ್ಲಿ ಮೆಂಥಿ ಹೊಲಿಗೆಯನ್ನು ಬಲ್ಲವರು, ಅಂಗಳದಲ್ಲಿ ಚುಕ್ಕಿಗಳನ್ನಿಟ್ಟು ರಂಗೋಲಿಯನ್ನು ಬರೆದವರು ಈ ವಿದ್ಯೆಯನ್ನು ಆಗಲೇ ಕಲಿತಿರುವರು. ಎಂಟು ಚೌಕದ ಜಾಲದಲ್ಲಿ ಓರೆಗೆರೆಯು ಮೆಟ್ಟಿಲಾಗಿ ಕಾಣುವುದು, ವೃತ್ತವು ದುಂಡಾಗದು, ಒಂದೇ ಚೌಕವು ಹೆಚ್ಚಾದರೆ ಆಕೃತಿಯು ಒಂದು ಕಡೆಗೆ ವಾಲುವುದು ಎಂಬ ಸಂಗತಿಗಳು ಸೂಜಿಯನ್ನು ಹಿಡಿದವರಿಗೆ ಹೇಳಿಕೊಡಬೇಕಾದುವಲ್ಲ. ಮೊದಲು ಚೌಕದ ಕಾಗದದ ಮೇಲೆ ಬರೆದು, ತೋಳಿನಷ್ಟು ದೂರದಲ್ಲಿ ಹಿಡಿದು ನೋಡಿ, ಆಮೇಲೆ ಯಂತ್ರಕ್ಕೆ ಇಳಿಸುವುದು ಉತ್ತಮ. ಗುರುತು ಸಣ್ಣದಾದರೂ ಗುಂಡಿಯು ಸಣ್ಣದಾಗಿರಕೂಡದು. ಕೈ ನಡುಗುವವರಿಗೂ ಎಟಕುವಂತೆ ಅಡ್ಡಕ್ಕೂ ಉದ್ದಕ್ಕೂ ೨೪ ಚುಕ್ಕಿಗಳಾದರೂ ಇರಬೇಕೆಂದು ೨೦೨೩ರಲ್ಲಿ ಪ್ರಕಟವಾದ ನಿಯಮಾವಳಿಯು ಹೇಳುವುದು.

ಇಷ್ಟನ್ನು ತಿಳಿದ ಮೇಲೆ, ಮಾದರಿಗಾಗಿ ಒಂದು ವೇಷವನ್ನು ರಚಿಸಿ ಅದಕ್ಕೆ ಬ್ಲಫ್ ಎಂದೇ ಹೆಸರಿಡೋಣ. ಮನೆಯ ಕೋಶದಲ್ಲಿ ಚುಕ್ಕಿಯಿಂದ ಆರಂಭವಾಗುವ ಥೀಮ್ಸ್ ಎಂಬ ಮರೆಯ ಕೋಶವನ್ನು ಮಾಡಿ, ಅದರೊಳಗೆ ಬ್ಲಫ್ ಎಂಬ ಕೋಶವನ್ನೂ, ಅದರೊಳಗೆ ಓಪನ್‌ಬಾಕ್ಸ್ ಮೂರು ಎಂಬ ಕೋಶವನ್ನೂ ಇಟ್ಟು, ಅಲ್ಲಿ ಥೀಮ್‌ಆರ್‌ಸಿ ಕಡತವನ್ನು ಬರೆಯತಕ್ಕದ್ದು. ಹೆಸರುಗಳೆಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರಲಿ. ಬಣ್ಣಗಳನ್ನು ಆ ಸ್ಥಳದಿಂದಲೇ ತೆಗೆದುಕೊಳ್ಳೋಣ. ಮುಂದಿರುವ ಕಿಟಕಿಯ ಪಟ್ಟಿಗೆ ನೆನೆದ ಬಂಡೆಯ ಕಪ್ಪು ನೀಲಿ: ಕೆಂಪು ೩೦, ಹಸಿರು ೫೦, ನೀಲಿ ೭೦. ಅದರ ಮೇಲೆ ಬಿಳಿಯ ಅಕ್ಷರ. ವೈದೃಶ್ಯವು ೧೩ಕ್ಕೂ ಮೇಲಾಗುವುದು. ಹಿಂದೆ ಸರಿದ ಕಿಟಕಿಗಳ ಪಟ್ಟಿಗೆ ಗಗನಚುಕ್ಕಿಯ ನೊರೆಯ ಬಣ್ಣ: ೨೧೪, ೨೨೨, ೨೨೬. ಅದರ ಮೇಲಿನ ಅಕ್ಷರಕ್ಕೆ ೭೦, ೮೦, ೮೮; ವೈದೃಶ್ಯವು ೬ರಷ್ಟು. ಪಟ್ಟಿಕೆಯಲ್ಲಿ ಆರಿಸಿದ ಸಾಲಿಗೆ ಮಳವಳ್ಳಿಯ ಗದ್ದೆಯ ಹಸಿರು: ೪೬, ೧೧೦, ೬೦, ಅದರ ಮೇಲೆ ಬಿಳಿಯ ಅಕ್ಷರಕ್ಕೂ ೬ಕ್ಕೆ ಕಡಮೆಯಿಲ್ಲ. ಮುಂದಿರುವುದು ಕಪ್ಪಾಗಿಯೂ ಹಿಂದಿರುವುದು ಬೆಳ್ಳಗೂ ಇರುವುದರಿಂದ, ನಾವು ಬೆರಳಚ್ಚಿಸುವ ಅಕ್ಷರವು ಎಲ್ಲಿಗೆ ಹೋಗುವುದೆಂಬುದು ಕೋಣೆಯ ಬಾಗಿಲಿನಿಂದ ನೋಡಿದರೂ ತಿಳಿಯುವುದು. ಒಬ್ಬರಿಗೆ ಬರೆದ ಪತ್ರವು ಮತ್ತೊಬ್ಬರ ಕಿಟಕಿಯಲ್ಲಿ ಬೀಳದಂತೆ ತಡೆಯುವುದು ಈ ಒಂದು ಭೇದವೇ.

ಅಂಚಿಗೆ ಎರಡು ಚುಕ್ಕಿಗಳ ದಪ್ಪವನ್ನೂ, ಅಕ್ಷರದ ಮೇಲೂ ಕೆಳಗೂ ಐದಾರು ಚುಕ್ಕಿಗಳ ಬಯಲನ್ನೂ ಇಟ್ಟು, ಮೇಲ್ವಿಚಾರಕನಿಗೆ ಕಡತವನ್ನು ಮತ್ತೊಮ್ಮೆ ಓದೆಂದು ಅಪ್ಪಣೆಮಾಡಿದರೆ, ಕಣ್ಣೆವೆಯಿಕ್ಕುವಷ್ಟರಲ್ಲಿ ತೆರೆಯೆಲ್ಲವೂ ಹೊಸ ವೇಷವನ್ನು ತಾಳುವುದು. ಇಷ್ಟಾದರೂ ಕಿಟಕಿಯ ಒಳಗಣ ಬಣ್ಣವು ಹಳೆಯದಾಗಿಯೇ ಇರುವುದನ್ನು ಕಂಡು ಆಶ್ಚರ್ಯಪಡಬೇಕಾಗಿಲ್ಲ. ಚೌಕಟ್ಟು ಮಾತ್ರವೇ ಮೇಲ್ವಿಚಾರಕನ ಅಧಿಕಾರಕ್ಕೆ ಒಳಪಟ್ಟದ್ದು. ಒಳಗಿರುವ ಗುಂಡಿ, ಪಟ್ಟಿಕೆಗಳನ್ನು ಜಿಟಿಕೆ, ಕ್ಯೂಟಿ ಎಂಬ ಬೇರೆ ಸಾಧನಗಳು ಬರೆಯುವುವು, ಅವುಗಳಿಗೆ ಅವುಗಳದೇ ಥೀಮುಗಳಿರುವುವು. ಕೆಲವು ಹೊಸ ಕ್ರಮವಿಧಿಗಳು ತಮ್ಮ ತಲೆಪಟ್ಟಿಯನ್ನು ತಾವೇ ಬರೆದುಕೊಳ್ಳುವುವಾದುದರಿಂದ ನಮ್ಮ ವೇಷವು ಅವುಗಳಿಗೆ ತಗಲುವುದಿಲ್ಲ. ವೇಲ್ಯಾಂಡ್ ಎಂಬ ಹೊಸ ಏರ್ಪಾಡಿನಲ್ಲಿ ತೆರೆಯನ್ನು ಬರೆಯುವವನೂ ಕಿಟಕಿಗಳನ್ನು ನೋಡಿಕೊಳ್ಳುವವನೂ ಒಂದೇ ಕ್ರಮವಿಧಿಯಾಗಿರುವುದು. ಆದರೂ ಕಲಿತ ವಿದ್ಯೆಯು ವ್ಯರ್ಥವಲ್ಲ: ಲ್ಯಾಬ್‌ಡಬ್ಲ್ಯೂಸಿ ಎಂಬ ಹೊಸ ಮೇಲ್ವಿಚಾರಕವು ಓಪನ್‌ಬಾಕ್ಸಿನ ಥೀಮ್‌ಆರ್‌ಸಿಯನ್ನೇ ಓದುವುದು, ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಗಣಕದವರು ೨೦೨೪ರಲ್ಲಿ ತಮ್ಮ ವ್ಯವಸ್ಥೆಗೆ ಅದನ್ನೇ ಅಂಗೀಕರಿಸಿದರು.

ರಚಿಸಿದ ವೇಷವನ್ನು ಪರೀಕ್ಷಿಸದೆ ಇತರರಿಗೆ ಕೊಡಕೂಡದು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬೀಳುವಾಗ ಒಮ್ಮೆಯೂ, ರಾತ್ರಿಯಲ್ಲಿ ತೆರೆಯ ಬೆಳಕನ್ನು ತಗ್ಗಿಸಿ ಒಮ್ಮೆಯೂ ನೋಡಬೇಕು. ಕನ್ನಡಕವನ್ನು ಧರಿಸುವ ಹಿರಿಯರನ್ನು ಕುಳ್ಳಿರಿಸಿ, ಏನನ್ನೂ ಹೇಳಿಕೊಡದೆ, ಮುಂದಿರುವ ಕಿಟಕಿ ಯಾವುದು, ಮುಚ್ಚುವ ಗುಂಡಿ ಯಾವುದು ಎಂದು ಕೇಳಬೇಕು. ಅವರು ತಡವರಿಸಿದರೆ ದೋಷವು ವೇಷದ್ದೇ ಹೊರತು ಅವರದಲ್ಲ. ಒಂದು ದಿನದ ಮೆಚ್ಚಿಕೆಯನ್ನು ನಂಬದೆ ಒಂದು ವಾರ ಬಳಸಿ ನೋಡಬೇಕು; ಮೊದಲ ದಿನ ಕಣ್ಣನ್ನು ಸೆಳೆಯುವ ಹೊಳಪು ಏಳನೆಯ ದಿನ ಕಣ್ಣನ್ನು ನೋಯಿಸುವುದುಂಟು.

ಇನ್ನೊಂದು ಎಚ್ಚರಿಕೆಯನ್ನು ತಾಯಿತಂದೆಗಳ ಗಮನಕ್ಕೆ ವಿಶೇಷವಾಗಿ ತರಬೇಕಾಗಿದೆ. ಅಂತರ್ಜಾಲದಲ್ಲಿ ಪರರು ರಚಿಸಿದ ವೇಷಗಳು ಸಾವಿರಗಟ್ಟಲೆ ದೊರೆಯುವುವು. ಬರಿಯ ಬಣ್ಣದ ಸಂಖ್ಯೆಗಳೂ ಚಿತ್ರಗಳೂ ಇರುವ ಕಟ್ಟಿನಿಂದ ಅಪಾಯವಿಲ್ಲವೆಂದೇ ಹೇಳಬಹುದು. ಆದರೆ ಕೆಲವು ಕಟ್ಟುಗಳೊಳಗೆ ಯಂತ್ರವನ್ನು ನಡೆಯಿಸುವ ಆಜ್ಞೆಗಳೂ ಸೇರಿರುವುವು. ೨೦೨೪ರ ಮಾರ್ಚಿ ತಿಂಗಳಿನಲ್ಲಿ ಕೆಡಿಇ ಎಂಬ ವ್ಯವಸ್ಥೆಯ ಅಂಗಡಿಯಿಂದ ಒಬ್ಬರು ತಂದು ಹಾಕಿಕೊಂಡ ಸಮಗ್ರ ಥೀಮೊಂದು ಅವರ ಸ್ವಂತ ಕಡತಗಳನ್ನು ಅಳಿಸಿಹಾಕಿದ ಸಂಗತಿಯು ಎಲ್ಲೆಡೆಯಲ್ಲಿಯೂ ಪ್ರಸಿದ್ಧವಾಯಿತು. ಆ ಬಳಿಕ ವ್ಯವಸ್ಥೆಯವರೇ ಎಚ್ಚರಿಕೆಯ ಮಾತನ್ನು ಪ್ರಕಟಿಸಿದರು. ಅಂತೆಯೇ ವಿಂಡೋಸಿನಲ್ಲಿ ಹೊರಗಿನ ವೇಷವನ್ನು ಹಾಕಿಕೊಳ್ಳಬೇಕಾದರೆ ವ್ಯವಸ್ಥೆಯ ಮೂಲ ಕಡತಗಳನ್ನೇ ತಿದ್ದಬೇಕಾಗುವುದು. ಅದನ್ನು ಮಾಡದಿರುವುದೇ ಕ್ಷೇಮ. ಕೊರಿಯರಿನಲ್ಲಿ ಬಂದ ಗಂಟನ್ನು ಬಿಚ್ಚಿ ನೋಡದೆ ಉಗ್ರಾಣದಲ್ಲಿ ಇಡುವ ಗೃಹಿಣಿಯುಂಟೆ? ಕಡತವನ್ನು ತೆರೆದು ಓದಬಲ್ಲವಳಿಗೆ ಈ ಭಯವು ಅರ್ಧದಷ್ಟು ಕಡಮೆಯಾಗುವುದು. ತಾನೇ ಬರೆಯಬಲ್ಲವಳಿಗೆ ಪರರ ಗಂಟೇ ಬೇಕಾಗುವುದಿಲ್ಲ.

ಈ ವಿದ್ಯೆಯನ್ನು ಈಗ ಕಲಿಯುವುದಕ್ಕೆ ಮತ್ತೊಂದು ಕಾರಣವೂ ಒದಗಿದೆ. ವಿಂಡೋಸ್ ಹತ್ತು ಎಂಬ ಆವೃತ್ತಿಗೆ ಅದರ ಕಂಪೆನಿಯವರು ಕೊಡುತ್ತಿದ್ದ ಸಾಧಾರಣ ರಕ್ಷಣೆಯು 

೨೦೨೫ರ ಅಕ್ಟೋಬರ್ ೧೪ರಂದು ಮುಗಿದುಹೋಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ಹನ್ನೊಂದನೆಯದಕ್ಕೆ ಬೇಕಾದ ಸಲಕರಣೆಗಳನ್ನು ಪಡೆದಿಲ್ಲ. ಇಂಥ ಯಂತ್ರಗಳನ್ನು ಗುಜರಿಗೆ ಹಾಕುವ ಬದಲು, ಹಗುರವಾದ ಲಿನಕ್ಸನ್ನೂ ಓಪನ್‌ಬಾಕ್ಸಿನಂಥ ಸಣ್ಣ ಮೇಲ್ವಿಚಾರಕವನ್ನೂ ಇರಿಸಿದರೆ ಅವು ಇನ್ನೂ ಕೆಲವು ವರ್ಷ ಚೆನ್ನಾಗಿ ಕೆಲಸ ಮಾಡುವುವು. ಆದರೆ ಹಗುರವಾದ ಏರ್ಪಾಡುಗಳಿಗೆ ಸಿದ್ಧವಾಗಿ ಬರುವ ವೇಷಗಳು ಅನೇಕವೇಳೆ ಸಣ್ಣ ಅಕ್ಷರದವೂ ಇಕ್ಕಟ್ಟಾದ ಪಟ್ಟಿಯವೂ ಆಗಿರುವುವು. ಹತ್ತು ಹನ್ನೆರಡು ಪಂಕ್ತಿಗಳನ್ನು ಬರೆದು ಅವುಗಳನ್ನು ಕನ್ನಡಕ್ಕೆ ಒಗ್ಗಿಸಬಲ್ಲ ಒಬ್ಬಳು ಹುಡುಗಿಯಿದ್ದರೆ, ಒಂದು ಹಳ್ಳಿಯ ಪಾಠಶಾಲೆಗೆ ಬಿಸುಟ ಯಂತ್ರವೂ ಉಪಯೋಗಕ್ಕೆ ಬರುವುದು.

ಕೊನೆಯದಾಗಿ ಒಂದು ಮಾತನ್ನು ನಿವೇದಿಸಿಕೊಳ್ಳುವೆವು. ಯಂತ್ರವನ್ನು ಬಳಸುವುದನ್ನು ಮಾತ್ರ ಕಲಿತವಳು ಅದು ತೋರಿಸಿದುದನ್ನು ಹಾಗೆಯೇ ಒಪ್ಪಿಕೊಳ್ಳುವಳು. ಒತ್ತಕ್ಷರವು ಕತ್ತರಿಸಿದ್ದರೆ ಕನ್ನಡವೇ ಯಂತ್ರಕ್ಕೆ ಒಗ್ಗದ ಭಾಷೆಯೆಂದು ತಿಳಿಯುವಳು. ಆ ಪಟ್ಟಿಯ ಎತ್ತರವು ಯಾರೋ ಒಬ್ಬರು ಬರೆದ ಒಂದು ಸಂಖ್ಯೆಯೆಂದೂ, ಅದನ್ನು ತಾನೂ ಬರೆಯಬಹುದೆಂದೂ ಒಮ್ಮೆ ಕಂಡುಕೊಂಡವಳು ಹಾಗೆ ತಿಳಿಯಲಾರಳು. ತಮ್ಮ ಮನೆಯಲ್ಲಿ ಹಳೆಯ ಗಣಕವಿರುವ ಹಳೆಯ ವಿದ್ಯಾರ್ಥಿನಿಯರು ಮುಂದಿನ ರಜೆಯ ದಿನಗಳಲ್ಲಿ ತಮ್ಮ ಹೆಣ್ಣುಮಕ್ಕಳೊಡನೆ ಕುಳಿತು, ಚೌಕದ ಕಾಗದವನ್ನೂ ಸೀಸದ ಕಡ್ಡಿಯನ್ನೂ ಹಿಡಿದು, ತಮ್ಮೂರಿನ ಬಣ್ಣಗಳಿಂದ ಒಂದು ವೇಷವನ್ನು ರಚಿಸಿ ನೋಡಲಿ. ಖರ್ಚು ಏನೂ ಇಲ್ಲ. ಬೇಕಾದುದು ಎರಡು ಮೂರು ಸಂಜೆಗಳ ತಾಳ್ಮೆಯೊಂದೇ.